ಕಮಾನು ರಿಪೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪಿಟೀಲು, ಸಾರಂಗಿ, ದಿಲ್‌ರುಬಾಗಳ ತಂತಿಯನ್ನು ಉಜ್ಜಿ ನುಡಿಸುವ ಕುದುರೆ ಕೂದಲಿನ ಕಮಾನಿನ ದುರಸ್ತಿಯ ಕುರಿತು ಪ್ರಶ್ನೆ ಕಳುಹಿಸಬೇಕೆಂದು ಕೋರಿದ್ದಕ್ಕೆ ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿಯ ಕಡೆಗಳಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ಹಲವು ಒಂದೇ ತೊಂದರೆಯನ್ನು ಬೇರೆ ಬೇರೆ ಮಾತಿನಲ್ಲಿ ಹೇಳುವುದರಿಂದ ಕೂಡಿಸಿ ಒಂಬತ್ತು ಪ್ರಶ್ನೆಗಳನ್ನಾಗಿ ಮಾಡಿಕೊಂಡಿದ್ದೇನೆ. ವಾದ್ಯಕ್ಕೆ ತೋರುವ ಕಾಳಜಿಯ ಕಾಲುಭಾಗವನ್ನೂ ನಮ್ಮವರು ಕಮಾನಿಗೆ ತೋರುವುದಿಲ್ಲ ಎಂಬ ನನ್ನ ಹಳೆಯ ದೂರು ಈ ಪತ್ರಗಳನ್ನು ಓದಿದ ಮೇಲೆ ಸ್ವಲ್ಪ ಕಡಿಮೆಯಾಗಿದೆ. ಉತ್ತರಗಳಲ್ಲಿ ಕಮಾನಿನ ಮರದ ಕೋಲನ್ನು ಕಡ್ಡಿ ಎಂದೂ, ಅದರ ಮುಂತುದಿಯನ್ನು ತಲೆ ಎಂದೂ, ಕೈ ಹಿಡಿಯುವ ತುದಿಯಲ್ಲಿ ಕೂದಲನ್ನು ಕಚ್ಚಿಕೊಂಡು ಹಿಂದೆಮುಂದೆ ಸರಿಯುವ ಕಪ್ಪು ತುಂಡನ್ನು ಫ್ರಾಗ್ ಎಂದೂ, ಅದನ್ನು ಸರಿಸುವ ಸ್ಕ್ರೂವನ್ನು ತಿರುಪು ಎಂದೂ ಕರೆದಿದ್ದೇನೆ.

ಪ್ರಶ್ನೆ: ನಮ್ಮ ಅಜ್ಜನವರ ಪಿಟೀಲಿನ ಪೆಟ್ಟಿಗೆಯನ್ನು ಇಪ್ಪತ್ತು ವರ್ಷಗಳ ನಂತರ ತೆರೆದಾಗ, ಯಾರೂ ಮುಟ್ಟದಿದ್ದರೂ ಕಮಾನಿನ ಕೂದಲು ಅರ್ಧಕ್ಕಿಂತ ಹೆಚ್ಚು ಉದುರಿ ಬಿದ್ದಿತ್ತು. ಕಡ್ಡಿಯ ಮೇಲೆ ‘ಟೂರ್ಟ್’ ಎಂಬ ಹೆಸರನ್ನು ಒತ್ತಿದ್ದಾರೆ. ಇದಕ್ಕೆ ಕೋಟಿಗಟ್ಟಲೆ ಬೆಲೆಯಿದೆ, ರಿಪೇರಿಗೆ ಕೊಡಬೇಡಿರೆಂದು ಬಂಧುಗಳೊಬ್ಬರು ಹೇಳುತ್ತಾರೆ. ಏನು ಮಾಡಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಕೂದಲಿನ ವಿಷಯ. ಅದು ತಾನಾಗಿ ಉದುರಿದ್ದಲ್ಲ, ಹುಳು ತಿಂದದ್ದು. ಉಣ್ಣೆ, ರೇಷ್ಮೆ, ಗರಿ, ಕೂದಲುಗಳನ್ನು ತಿಂದು ಬೆಳೆಯುವ ಒಂದು ಜಾತಿಯ ಸಣ್ಣ ಜೀರುಂಡೆಯ ಮರಿಹುಳುಗಳಿಗೆ ಕತ್ತಲೆ ಬೇಕು, ಅಲುಗಾಟ ಬೇಡ. ವರ್ಷಗಟ್ಟಲೆ ಮುಚ್ಚಿಟ್ಟ ಪಿಟೀಲಿನ ಪೆಟ್ಟಿಗೆಯಲ್ಲಿ ಎರಡೂ ಅನುಕೂಲಗಳಿರುತ್ತವೆ. ಉದುರಿದ ಕೂದಲಿನ ತುದಿಯನ್ನು ನೋಡಿದರೆ ಕಡಿದ ಗುರುತು ಕಂಡೀತು. ಆದ್ದರಿಂದ ಕಮಾನಿಗಿಂತ ಮೊದಲು ಪೆಟ್ಟಿಗೆಯ ಚಿಕಿತ್ಸೆಯಾಗಬೇಕು. ಪಿಟೀಲು ಮತ್ತು ಕಮಾನನ್ನು ಹೊರಗೆ ತೆಗೆದು ನೆರಳಿನಲ್ಲಿಡಿ. ಖಾಲಿ ಪೆಟ್ಟಿಗೆಯ ಮೂಲೆಗಳನ್ನೂ ಮಖಮಲ್ಲಿನ ಮಡಿಕೆಗಳನ್ನೂ ಚೆನ್ನಾಗಿ ಝಾಡಿಸಿ, ಸಾಧ್ಯವಾದರೆ ವ್ಯಾಕ್ಯೂಮ್ ಕ್ಲೀನರ್ ಹಿಡಿಸಿ, ಎರಡು ಮೂರು ದಿನ ಬಿಸಿಲಿನಲ್ಲಿ ತೆರೆದಿಡಿ. ಇದನ್ನು ಮಾಡದೆ ಹೊಸ ಕೂದಲು ಹಾಕಿಸಿ ಅದೇ ಪೆಟ್ಟಿಗೆಯಲ್ಲಿಟ್ಟರೆ ಹುಳುವಿಗೆ ಎರಡನೆಯ ಪಂಕ್ತಿ ಬಡಿಸಿದಂತಾಗುತ್ತದೆ. ನುಸಿಗುಳಿಗೆಯನ್ನು ನಂಬಿ ಕೂರುವುದಕ್ಕಿಂತ ವಾರಕ್ಕೊಮ್ಮೆಯಾದರೂ ಪೆಟ್ಟಿಗೆಯನ್ನು ತೆರೆಯುವುದು ಮೇಲು.

ಇನ್ನು ಹೆಸರಿನ ವಿಷಯ. ಪ್ಯಾರಿಸ್ಸಿನ ಫ್ರಾಂಸ್ವಾ ಕ್ಸೇವಿಯೆ ಟೂರ್ಟ್ ಇಂದಿನ ಪಿಟೀಲು ಕಮಾನಿಗೆ ಅದರ ಈಗಿನ ರೂಪವನ್ನು ಕೊಟ್ಟ ಕುಶಲಕರ್ಮಿ, 1835ರಲ್ಲಿ ತೀರಿಕೊಂಡರು. ಅವರ ಕೈಯ ಕಮಾನುಗಳಿಗೆ ನಿಜಕ್ಕೂ ಅಪಾರ ಬೆಲೆಯಿದೆ. ಆದರೆ ತಮ್ಮ ಕೆಲಸದ ಮೇಲೆ ಅವರು ಹೆಸರು ಒತ್ತುತ್ತಿದ್ದುದು ತೀರಾ ಅಪರೂಪ. ಹೀಗಾಗಿ ಕಡ್ಡಿಯ ಮೇಲೆ ಎದ್ದು ಕಾಣುವ ‘ಟೂರ್ಟ್’ ಮುದ್ರೆಯು ಅದು ಟೂರ್ಟ್ ಅವರದಲ್ಲ ಎನ್ನುವುದಕ್ಕೇ ಹೆಚ್ಚಿನ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಆರಂಭದಲ್ಲಿಯೂ ಜರ್ಮನಿಯ ಮಾರ್ಕ್‌ನಾಯ್‌ಕಿರ್ಖನ್ ಸುತ್ತಿನ ಊರುಗಳಲ್ಲಿ ತಯಾರಾಗಿ ಜಗತ್ತಿನ ಎಲ್ಲೆಡೆಗೆ ಮಾರಾಟವಾದ ಲೆಕ್ಕವಿಲ್ಲದಷ್ಟು ಕಮಾನುಗಳ ಮೇಲೆ ಇಂಥ ದೊಡ್ಡ ಹೆಸರುಗಳನ್ನು ಮಾದರಿಯ ಸೂಚನೆಯಾಗಿ ಒತ್ತುವ ರೂಢಿಯಿತ್ತು. ಮೋಸವೆಂದು ಎಲ್ಲವನ್ನೂ ತಳ್ಳಿಹಾಕಬೇಕಾಗಿಲ್ಲ. ಅವುಗಳಲ್ಲಿ ಒಳ್ಳೆಯ ಪರ್ನಾಂಬುಕೋ ಮರದ, ಚೆನ್ನಾಗಿ ನುಡಿಯುವ ಕಡ್ಡಿಗಳೂ ಇವೆ. ಬ್ರೆಜಿಲ್ ಮರ ಎಂದೂ ಕರೆಯುವ ಇದರಿಂದಲೇ ಬ್ರೆಜಿಲ್ ದೇಶಕ್ಕೆ ಆ ಹೆಸರು ಬಂದದ್ದು. ನಮ್ಮಲ್ಲಿ ಬಣ್ಣಕ್ಕೆ ಬಳಸುತ್ತಿದ್ದ ಸಪ್ಪಂಗದ ಮರ ಇದರ ದೂರದ ನಂಟ, ಎರಡರಲ್ಲಿಯೂ ಇರುವ ಕೆಂಪು ಒಂದೇ. 2007ರಿಂದ ಈ ಮರದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೊಳಪಟ್ಟಿರುವುದರಿಂದ ಹಳೆಯ ಒಳ್ಳೆಯ ಕಡ್ಡಿಯನ್ನು ಉಳಿಸಿಕೊಳ್ಳುವುದಕ್ಕೆ ಬೆಲೆಯ ಹೊರತಾದ ಕಾರಣವೂ ಇದೆ.

ರಿಪೇರಿಗೆ ಕೊಡಿ. ಆದರೆ ಕೊಡುವಾಗ ಎರಡು ಮಾತು ಸ್ಪಷ್ಟವಾಗಿ ಹೇಳಿ. ಕಡ್ಡಿಗೆ ಉಜ್ಜು ಕಾಗದ ತಾಗಿಸಕೂಡದು. ಎಂಟು ಮೂಲೆಯ ಕಡ್ಡಿಯ ಅಂಚುಗಳೂ ಮುದ್ರೆಯೂ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ, ಕೊಳೆಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ತೆಗೆದರೆ ಸಾಕು. ತಲೆಯ ಕೆಳಗಿರುವ ಬಿಳಿ ಪಟ್ಟಿ ಬಿರಿದಿದ್ದರೆ ಅದನ್ನು ಎಲುಬಿನ ಪಟ್ಟಿಯಿಂದ ಬದಲಿಸಲಿ. ಹಳೆಯದು ದಂತದ್ದಿರಬಹುದು, ಆದರೆ ದಂತದ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ನಿಷಿದ್ಧ. ಆ ಪಟ್ಟಿ ಬರಿಯ ಅಲಂಕಾರವಲ್ಲ. ಕಮಾನಿನಲ್ಲಿ ಅತ್ಯಂತ ದುರ್ಬಲವಾದ ತಲೆಯ ಮರ ಸೀಳದಂತೆ ಅದು ಕಾಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಧಾರವಾಡದಲ್ಲಿದ್ದಾಗ ಕಮಾನಿಗೆ ಹೊಸ ಕೂದಲು ಕಟ್ಟಿಸಿದೆ. ಈಗ ಗದಗಕ್ಕೆ ವರ್ಗವಾಗಿ ಬಂದಿದ್ದೇನೆ. ಏಪ್ರಿಲ್ ತಿಂಗಳಿನಿಂದ ತಿರುಪನ್ನು ಪೂರ್ತಿ ಸಡಿಲಿಸಿದರೂ ಕೂದಲು ಬಿಗಿಯಾಗಿಯೇ ಉಳಿಯುತ್ತಿದೆ, ಕಡ್ಡಿಯೂ ಒಂದು ಪಕ್ಕಕ್ಕೆ ವಾಲಿದಂತೆ ಕಾಣುತ್ತದೆ. ಕಟ್ಟಿದವರ ತಪ್ಪೇ?
— ಶಾಲಾ ಶಿಕ್ಷಕಿ, ಗದಗ

ಉತ್ತರ: ಅರ್ಧ ತಪ್ಪು ಕಟ್ಟಿದವರದು, ಅರ್ಧ ಹವೆಯದು. ಕುದುರೆಯ ಬಾಲದ ಕೂದಲು ತೇವವನ್ನು ಹೀರಿಕೊಂಡಾಗ ಉದ್ದವಾಗುತ್ತದೆ, ಒಣಗಿದಾಗ ಗಿಡ್ಡವಾಗುತ್ತದೆ; ಮರದ ಕಡ್ಡಿ ಉದ್ದದ ದಿಕ್ಕಿನಲ್ಲಿ ಅಷ್ಟಾಗಿ ಬದಲಾಗುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಗೋಡೆಯೂ ಬೆವರುವ ದಿನಗಳಲ್ಲಿ, ಕೂದಲು ತನ್ನ ಪೂರ್ಣ ಉದ್ದಕ್ಕೆ ಹಿಗ್ಗಿದ್ದಾಗ ಅಳತೆಗೆ ಸರಿಯಾಗಿ ಕಟ್ಟಿದ ಕಮಾನನ್ನು ಗದಗದ ಬೇಸಿಗೆಗೆ ತಂದರೆ ಅದು ಕುಗ್ಗಿ, ಫ್ರಾಗ್ ಮುಂದಕ್ಕೆ ಸರಿಯಲು ಜಾಗವೇ ಉಳಿಯುವುದಿಲ್ಲ. ಎರಡು ಊರುಗಳ ನಡುವೆ ನೂರು ಕಿಲೋಮೀಟರೂ ಇಲ್ಲ, ಆದರೆ ಕೂದಲಿನ ಲೆಕ್ಕದಲ್ಲಿ ಅವು ಬೇರೆ ಬೇರೆ ದೇಶಗಳು. ಅನುಭವಿ ಕೈ ಮಳೆಗಾಲದಲ್ಲಿ ಕಟ್ಟುವಾಗ ಎಳೆಯಷ್ಟು ಉದ್ದವಾಗಿಯೂ, ಬೇಸಿಗೆಯಲ್ಲಿ ಕಟ್ಟುವಾಗ ಎಳೆಯಷ್ಟು ಗಿಡ್ಡವಾಗಿಯೂ ಕಟ್ಟುತ್ತದೆ. ಕೊಡುವವರೂ ತಾವು ಯಾವ ಊರಿನಲ್ಲಿ ನುಡಿಸುತ್ತೇವೆಂದು ಹೇಳುವುದು ಒಳ್ಳೆಯದು. ಅಂಗಿಯ ಅಳತೆ ಕೊಡುವಾಗ ದರ್ಜಿಗೆ ಹೇಳುವಷ್ಟಾದರೂ.

ಹೀಗೆ ಸದಾ ಬಿಗಿದಿರುವ ಕಮಾನನ್ನು ಬೇಸಿಗೆ ಮುಗಿಯುವವರೆಗೆ ಇಟ್ಟುಕೊಳ್ಳಬೇಡಿ. ಕಡ್ಡಿಯು ಕೂದಲಿನ ಕಡೆಗೆ ಒಳಬಾಗಿರುವುದೇ ಕಮಾನಿನ ಜೀವ. ಬಿಗಿತ ಬಿಡದೆ ಉಳಿದರೆ ಆ ಬಾಗು ನಿಧಾನವಾಗಿ ಸಾಯುತ್ತದೆ, ತಲೆ ಮುರಿಯುವ ಅಪಾಯವೂ ಇದೆ. ಕೂದಲನ್ನು ನೀರಿನಿಂದ ಒದ್ದೆ ಮಾಡಿ ಹಿಗ್ಗಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ನೀರು ಕೂದಲಿಗೆ ಹಚ್ಚಿದ ರಾಳದ ಪುಡಿಯನ್ನು ಕೆಡಿಸಿ, ಕೂದಲನ್ನು ಹಿಡಿದಿರುವ ಮರದ ಬೆಣೆಗಳನ್ನು ಉಬ್ಬಿಸುತ್ತದೆ. ಮತ್ತೆ ಕಟ್ಟಿಸುವುದೊಂದೇ ದಾರಿ. ಅದಾಗುವವರೆಗೆ ಪೆಟ್ಟಿಗೆಯನ್ನು ಹೊರಗೋಡೆಯಿಂದಲೂ ಬಿಸಿಲು ಬೀಳುವ ಕಿಟಕಿಯಿಂದಲೂ ದೂರ ಇಡಿ.

ಪಕ್ಕಕ್ಕೆ ವಾಲಿದ್ದಕ್ಕೆ ಕಾರಣ ಬೇರೆಯೂ ಇರಬಹುದು. ನುಡಿಸುವಾಗ ಕಮಾನು ಸ್ವಲ್ಪ ಓರೆಯಾಗಿ ತಂತಿಯನ್ನು ತಾಗುವುದರಿಂದ ಒಂದೇ ಅಂಚಿನ ಕೂದಲು ಹೆಚ್ಚು ಹರಿಯುತ್ತದೆ. ಆಗ ಉಳಿದ ಕೂದಲು ಇನ್ನೊಂದು ಪಕ್ಕದಿಂದ ಮಾತ್ರ ಎಳೆಯುತ್ತದೆ, ಕಡ್ಡಿ ಆ ಕಡೆಗೆ ತಿರುಗುತ್ತದೆ. ಆದ್ದರಿಂದ ರಿಪೇರಿಯವರು ಹಳೆಯ ಕೂದಲನ್ನು ತೆಗೆದು, ಕಡ್ಡಿ ಒಂದೆರಡು ದಿನ ವಿಶ್ರಾಂತಿ ಪಡೆದ ಮೇಲೆ ಫ್ರಾಗಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಲಿ. ಆಗಲೂ ಸೊಟ್ಟಗಿದ್ದರೆ ಮಾತ್ರ ಬಿಸಿ ಕೊಡಬೇಕು. ಸ್ಪಿರಿಟ್ ದೀಪದ ಮೇಲೆ ದೂರದಲ್ಲಿ ಆಡಿಸುತ್ತ, ಮರದ ಒಳಗಿನವರೆಗೆ ಬಿಸಿ ಇಳಿಯುವಂತೆ ಮಾಡಿ, ನಿಧಾನವಾಗಿ ಬಾಗಿಸಿ, ತಣ್ಣಗಾಗುವವರೆಗೆ ಕೈಯಲ್ಲೇ ಹಿಡಿದುಕೊಳ್ಳುವ ಕೆಲಸ ಇದು. ಇಲ್ಲಿ ಅವಸರ ಮಾಡಿದವರು ಮೆರುಗು ಸುಟ್ಟು ಕಪ್ಪಾದ ಕಡ್ಡಿಯನ್ನು ತಿರುಗಿ ಕೊಡುತ್ತಾರೆ.

ಪ್ರಶ್ನೆ: ಕಮಾನಿನ ಕೂದಲು ಒಣಗಿ ಬಿರುಸಾಗಿದೆಯೆಂದು ನಮ್ಮ ಅಮ್ಮ ಪ್ರೀತಿಯಿಂದ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಬಿಟ್ಟಿದ್ದಾರೆ. ಈಗ ಪಿಟೀಲು ಉಸಿರೇ ಬಿಡುತ್ತಿಲ್ಲ. ಮಗಳ ಪರೀಕ್ಷೆ ಹತ್ತಿರ ಬಂದಿದೆ.
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ತಾಯಿಯವರಿಗೆ ಬೇಸರ ಪಡಬಾರದೆಂದು ಹೇಳಿ, ಕೂದಲಿಗೆ ಎಣ್ಣೆ ಹಚ್ಚುವುದು ನಮ್ಮ ಮನೆಗಳ ಸಹಜ ಧರ್ಮ. ಆದರೆ ಈ ಕೂದಲಿಗೆ ಎಣ್ಣೆಯೇ ವೈರಿ. ಎಣ್ಣೆ ಸ್ವಲ್ಪವೇ ತಾಗಿದ್ದರೆ, ಫ್ರಾಗನ್ನು ಕಡ್ಡಿಯಿಂದ ಬಿಡಿಸಿ, ಕಡ್ಡಿಯನ್ನು ದೂರ ಹಿಡಿಸಿ, ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿ ಕೂದಲಿನ ಮೇಲಷ್ಟೇ ಎಳೆದು, ಒಣಗಿದ ಮೇಲೆ ಹೊಸದಾಗಿ ರಾಳ ಹಚ್ಚಿ ನೋಡಬಹುದು. ಒಂದು ಹನಿ ಸ್ಪಿರಿಟ್ ಕಡ್ಡಿಗೆ ಬಿದ್ದರೂ ಅದರ ಮೆರುಗು ಕರಗುತ್ತದೆಂಬುದನ್ನು ಮರೆಯಬೇಡಿ. ಅಂಗೈ ತುಂಬ ಎಣ್ಣೆ ಹಚ್ಚಿದ್ದರೆ ಈ ಶ್ರಮ ವ್ಯರ್ಥ, ಕೂದಲು ಬದಲಿಸಿ. ಪರೀಕ್ಷೆಗೆ ಯಾರದಾದರೂ ಕಮಾನನ್ನು ಕಡ ತರುವುದು ಲೇಸು. ಎಣ್ಣೆ ಹಚ್ಚದವರೂ ತಿಳಿದಿರಬೇಕಾದ ವಿಷಯವೆಂದರೆ, ದಿನವೂ ಬೆರಳಿನಿಂದ ಕೂದಲನ್ನು ಸವರುವವರು ಅದೇ ಎಣ್ಣೆಯನ್ನು ಕಂತಿನಲ್ಲಿ ಹಚ್ಚುತ್ತಿದ್ದಾರೆ. ಫ್ರಾಗಿನ ಹತ್ತಿರದ ಕೂದಲು ಕಪ್ಪಗಾಗುವುದು ಅದರಿಂದಲೇ.

ಪ್ರಶ್ನೆ: ಕುದುರೆ ಕೂದಲಿಗೆ ಗರಗಸದಂತೆ ಹಲ್ಲುಗಳಿದ್ದು ಅವು ತಂತಿಯನ್ನು ಮೀಟುತ್ತವೆ, ಹಲ್ಲು ಸವೆದಾಗ ಕೂದಲು ಬದಲಿಸಬೇಕು ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ನೈಲಾನ್ ಎಳೆ ಹಾಕಿದರೆ ಹಲ್ಲು ಸವೆಯುವ ಪ್ರಶ್ನೆಯೇ ಇಲ್ಲವಲ್ಲ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಗುರುಗಳ ಮಾತು ಬಹಳ ಕಡೆ ಕೇಳಿಬರುವಂಥದೇ. ಕೂದಲಿನ ಮೇಲ್ಮೈಯಲ್ಲಿ ಮೀನಿನ ಹುರುಪೆಯಂಥ ಸೂಕ್ಷ್ಮ ಪದರಗಳಿರುವುದು ನಿಜ. ಆದರೆ ಮೀಟುವುದು ಅವಲ್ಲ. ರಾಳ ಹಚ್ಚದ ಹೊಚ್ಚ ಹೊಸ ಕೂದಲಿನಿಂದ ತಂತಿಯನ್ನು ಉಜ್ಜಿ ನೋಡಿ, ದನಿ ಹೊರಡುವುದೇ ಇಲ್ಲ. ಹಲ್ಲುಗಳೇ ಕೆಲಸ ಮಾಡುತ್ತಿದ್ದರೆ ಹೊಸ ಕೂದಲು ಎಲ್ಲಕ್ಕಿಂತ ಚೆನ್ನಾಗಿ ನುಡಿಯಬೇಕಾಗಿತ್ತು. ಹಿಡಿಯುವುದು ರಾಳ. ಪೈನ್ ಜಾತಿಯ ಮರಗಳ ಅಂಟಿನಿಂದ ತಯಾರಾಗುವ ಈ ಗಟ್ಟಿ ಬಿಲ್ಲೆಯ ಪುಡಿ, ತಂತಿ ನಿಂತಿದ್ದಾಗ ಅದನ್ನು ಬಲವಾಗಿ ಹಿಡಿಯುತ್ತದೆ, ಜಾರತೊಡಗಿದಾಗ ಸಲೀಸಾಗಿ ಬಿಡುತ್ತದೆ. ಕಮಾನು ತಂತಿಯನ್ನು ತನ್ನೊಂದಿಗೆ ಎಳೆದೊಯ್ಯುತ್ತದೆ, ತಂತಿ ಕಳಚಿ ಹಿಂದಕ್ಕೆ ಜಾರುತ್ತದೆ, ಕಮಾನು ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ 240 ಕಂಪನಗಳ ಸ್ವರವಾದರೆ ಈ ಹಿಡಿದು ಬಿಡುವ ಆಟ ಸೆಕೆಂಡಿಗೆ 240 ಸಲ ನಡೆಯುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಕಂಡು ತೋರಿಸಿದರು. ನಮ್ಮ ಸರ್ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, ಬೆಳಕಿನ ಕೆಲಸದಿಂದ ಜಗತ್ಪ್ರಸಿದ್ಧರಾಗುವುದಕ್ಕೆ ಹತ್ತು ವರ್ಷ ಮೊದಲು, 1918ರಲ್ಲಿ ಕಮಾನಿನಿಂದ ನುಡಿಯುವ ತಂತಿಗಳ ಬಗ್ಗೆ ಒಂದು ದೀರ್ಘ ಪ್ರಬಂಧವನ್ನೇ ಪ್ರಕಟಿಸಿದರು.

ಹಾಗಾದರೆ ಕೂದಲನ್ನು ಬದಲಿಸುವುದೇಕೆ? ಸತತ ಎಳೆತದಿಂದ ಅದು ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆ, ಕೊಳೆ ಕೂಡುತ್ತದೆ, ಒಂದು ಅಂಚಿನಲ್ಲಿ ಎಣಿಕೆ ಕಡಿಮೆಯಾಗುತ್ತದೆ. ಪಿಟೀಲಿನ ಕಮಾನಿನಲ್ಲಿ 150ರಿಂದ 200 ಕೂದಲುಗಳಿರುತ್ತವೆ. ದಿನವೂ ಗಂಟೆಗಟ್ಟಲೆ ನುಡಿಸುವವರು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ವಾಡಿಕೆ. ನೈಲಾನ್ ಎಳೆ ರಾಳವನ್ನು ಕುದುರೆ ಕೂದಲಿನಷ್ಟು ಸಮನಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ. ತಮಾಷೆಯೆಂದರೆ, ಕನ್ನಡದಲ್ಲಿ ನಾವು ಕುದುರೆ ಎಂದು ಕರೆಯುವುದು ತಂತಿಯ ಕೆಳಗಿನ ಮರದ ತುಂಡನ್ನು. ನಿಜವಾದ ಕುದುರೆ ಇರುವುದು ಕಮಾನಿನಲ್ಲಿ.

ಪ್ರಶ್ನೆ: ಕಮಾನು ಕೈಜಾರಿ ಫರಸಿಯ ಮೇಲೆ ಬಿದ್ದು ತಲೆ ಮುರಿದಿದೆ. ತಕ್ಷಣ ಹಿಡಿಯುವ ಅಂಟನ್ನು ಹಾಕಿ ಕೂಡಿಸಿದೆ. ತಿರುಪು ಬಿಗಿದ ಕೂಡಲೇ ಮತ್ತೆ ಕಳಚಿತು.
— ಓದುಗರೊಬ್ಬರು, ಧಾರವಾಡ

ಉತ್ತರ: ಮತ್ತೊಮ್ಮೆ ಅಂಟು ಹಾಕಬೇಡಿ. ತಲೆ ಮುರಿಯುವುದು ಸಾಮಾನ್ಯವಾಗಿ ಮರದ ಎಳೆಯ ಗುಂಟ, ಗಿಡ್ಡ ಎಳೆ ಇರುವ ಜಾಗದಲ್ಲಿ. ಅಲ್ಲಿ ಕೂದಲಿನ ಎಳೆತವೆಲ್ಲ ಬಿರುಕನ್ನು ತೆರೆಯುವ ದಿಕ್ಕಿಗೇ ಇರುವುದರಿಂದ ಬರಿಯ ಅಂಟು ನಿಲ್ಲುವುದಿಲ್ಲ. ಸರಿಯಾದ ಕ್ರಮವೆಂದರೆ, ಮುರಿದ ಮುಖಗಳನ್ನು ಒಂದಕ್ಕೊಂದು ಕೂಡಿಸಿ ಅಂಟಿಸಿ, ಆ ಮೇಲೆ ತಲೆಯ ಹಿಂಭಾಗದಿಂದ ಬಿರುಕಿಗೆ ಅಡ್ಡವಾಗಿ ತೆಳ್ಳನೆಯ ಸೀಳು ಕೊರೆದು, ಎಳೆ ಅಡ್ಡಲಾಗಿರುವ ಗಟ್ಟಿ ಮರದ ಒಂದು ಚಿಕ್ಕ ಹಲಗೆಯನ್ನು ಕೀಲಿನಂತೆ ಅದರೊಳಗೆ ಕೂಡಿಸುವುದು. ಚೆನ್ನಾಗಿ ಮಾಡಿದ ಕೀಲು ವರ್ಷಗಟ್ಟಲೆ ತಾಳುತ್ತದೆ. ಕಮಾನಿನ ಮಾರಾಟದ ಬೆಲೆ ಮಾತ್ರ ಬಹುಪಾಲು ಹೋದಂತೆಯೇ.

ತಾವು ಹಾಕಿದ ಅಂಟು ಮರದ ರಂಧ್ರಗಳಲ್ಲಿ ಇಳಿದು ಗಾಜಿನಂತೆ ಕುಳಿತಿರುತ್ತದೆ. ಅದನ್ನು ತೆಗೆಯದೆ ಬೇರೆ ಅಂಟು ಹಿಡಿಯದು, ತೆಗೆಯಹೋದರೆ ಮುರಿದ ಮುಖದ ಸೂಕ್ಷ್ಮ ಎಳೆಗಳೂ ಹೋಗುತ್ತವೆ, ಆಗ ಎರಡು ತುಂಡುಗಳು ಒಂದಕ್ಕೊಂದು ಕೂಡುವುದಿಲ್ಲ. ನನ್ನ ಬಳಿ ಬಂದ ಮುರಿದ ತಲೆಗಳಲ್ಲಿ ಹೆಚ್ಚಿನವು ಬಿದ್ದದ್ದರಿಂದ ಅಷ್ಟು ಕೆಟ್ಟಿರಲಿಲ್ಲ, ಬಿದ್ದ ಅರ್ಧ ಗಂಟೆಯೊಳಗೆ ನಡೆದ ಮನೆವೈದ್ಯದಿಂದ ಕೆಟ್ಟಿದ್ದವು. ಮುರಿದ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಮುಖ ಮುಟ್ಟದೆ, ಸಣ್ಣ ಚೂರುಗಳಿದ್ದರೆ ಅವನ್ನೂ ಕಾಗದದಲ್ಲಿ ಕಟ್ಟಿ ತರಬೇಕು.

ಪ್ರಶ್ನೆ: ತಿರುಪು ಸುತ್ತುತ್ತಲೇ ಇರುತ್ತದೆ, ಕೂದಲು ಮಾತ್ರ ಬಿಗಿಯಾಗುವುದಿಲ್ಲ. ಹೊಸ ಕಮಾನು ಕೊಳ್ಳಬೇಕೆ?
— ಓದುಗರೊಬ್ಬರು, ಲಕ್ಷ್ಮೇಶ್ವರ

ಉತ್ತರ: ಬೇಡ. ಫ್ರಾಗಿನ ಮೇಲ್ಭಾಗದಲ್ಲಿ, ಕಡ್ಡಿಯೊಳಗೆ ಇಳಿದು ತಿರುಪನ್ನು ಹಿಡಿಯುವ ಒಂದು ಪುಟ್ಟ ಹಿತ್ತಾಳೆಯ ಕಣ್ಣು ಇರುತ್ತದೆ. ತಿರುಪು ಉಕ್ಕಿನದು, ಕಣ್ಣು ಹಿತ್ತಾಳೆಯದು. ಸವೆಯುವುದಾದರೆ ಅಗ್ಗದ್ದು ಸವೆಯಲೆಂದೇ ಹೀಗೆ ಮಾಡಿರುತ್ತಾರೆ. ಅದರ ಒಳಗಿನ ಸುರುಳಿ ಹೋಗಿದೆ, ಅಷ್ಟೇ. ಕಣ್ಣನ್ನು ತಿರುಗಿಸಿ ಹೊರತೆಗೆದು ಹೊಸದನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ಸುರುಳಿಯ ಅಳತೆ ಎಲ್ಲ ಕಮಾನುಗಳಲ್ಲಿ ಒಂದೇ ಆಗಿರುವುದಿಲ್ಲವಾದ್ದರಿಂದ ತಿರುಪನ್ನೂ ಜೊತೆಗೆ ಒಯ್ಯಿರಿ. ಕಣ್ಣು ಸವೆದದ್ದನ್ನು ಗಮನಿಸದೆ ಇಕ್ಕಳ ಹಾಕಿ ತಿರುಗಿಸಿದವರ ಕಮಾನುಗಳಲ್ಲಿ ತಿರುಪಿನ ಸುತ್ತಣ ಕಡ್ಡಿಯೇ ಸೀಳಿರುವುದನ್ನು ಕಂಡಿದ್ದೇನೆ. ಅದು ಹತ್ತು ನಿಮಿಷದ ಕೆಲಸವಲ್ಲ. ಕಡ್ಡಿಯ ಮೇಲೆ ಹೆಬ್ಬೆರಳು ಕೂರುವ ಜಾಗಕ್ಕೆ ಸುತ್ತಿದ ಚರ್ಮ ಸವೆದು ಹೋಗಿದೆಯೇ ಎಂದೂ ಇದೇ ಸಂದರ್ಭದಲ್ಲಿ ನೋಡಿಸಿ. ಚರ್ಮ ಹೋದ ಮೇಲೆ ಉಗುರು ಮತ್ತು ಬೆವರು ಕಡ್ಡಿಯನ್ನೇ ತಿನ್ನುತ್ತವೆ.

ಪ್ರಶ್ನೆ: ನಾನು ಬಡಗಿ. ಊರಿನ ಭಜನೆ ಮತ್ತು ಸಂಗೀತದ ಮೇಳಗಳವರು ಕಮಾನುಗಳನ್ನು ತಂದು ಕೂದಲು ಕಟ್ಟಿಕೊಡೆನ್ನುತ್ತಾರೆ. ಕೆಲಸ ಕಲಿಯುವ ಆಸೆಯಿದೆ. ನಮ್ಮ ಕಡೆಯ ಮರದಲ್ಲಿ ಕಮಾನನ್ನೇ ಮಾಡಬಹುದೇ ಎಂಬುದನ್ನೂ ತಿಳಿಸಬೇಕು.
— ಓದುಗರೊಬ್ಬರು, ಹಾನಗಲ್ಲ

ಉತ್ತರ: ಈ ಪತ್ರ ಓದಿ ಬಹಳ ಸಂತೋಷವಾಯಿತು, ಕಮಾನು ಕಟ್ಟಿಸಲು ಜನ ಬೆಂಗಳೂರಿಗೋ ಪುಣೆಗೋ ಕೊರಿಯರ್ ಮಾಡುವುದು ತಪ್ಪಬೇಕೆಂದರೆ ತಮ್ಮಂಥವರೇ ಬೇಕು. ಬಡಗಿಯಾದ್ದರಿಂದ ಅರ್ಧ ಕೆಲಸ ಈಗಾಗಲೇ ಕೈಯಲ್ಲಿದೆ. ಕಮಾನಿನಲ್ಲಿ ಕೂದಲನ್ನು ಹಿಡಿದಿರುವುದು ಗಂಟು ಮತ್ತು ಬೆಣೆ, ಅಂಟಲ್ಲ. ತಲೆಯಲ್ಲೊಂದು, ಫ್ರಾಗಿನಲ್ಲೊಂದು ಚಿಕ್ಕ ಗೂಡಿರುತ್ತದೆ. ಕೂದಲಿನ ಕಂತೆಯ ತುದಿಯನ್ನು ರೇಷ್ಮೆ ನೂಲಿನಿಂದ ಬಿಗಿಯಾಗಿ ಕಟ್ಟಿ, ಹೊರಗುಳಿದ ತುದಿಗೆ ರಾಳದ ಪುಡಿ ಹಚ್ಚಿ ಕಾಸಿದರೆ ಅದು ಗುಂಡಗೆ ಉಬ್ಬಿ ಗಂಟು ಜಾರದಂತಾಗುತ್ತದೆ. ಅದನ್ನು ತಲೆಯ ಗೂಡಿನಲ್ಲಿಟ್ಟು, ಕೂದಲು ಅದರ ಮೇಲಿಂದ ಹೊರಬರುವಂತೆ ಮಾಡಿ, ಬೆಣೆ ಕೂರಿಸಬೇಕು. ಆಮೇಲೆ ಕೂದಲನ್ನು ಒದ್ದೆ ಮಾಡಿ, ಬಾಚಿ, ಇನ್ನೊಂದು ತುದಿಯನ್ನು ಅಳತೆ ನೋಡಿ ಕಟ್ಟಿ ಫ್ರಾಗಿನಲ್ಲಿ ಕೂರಿಸಬೇಕು. ಕೊನೆಗೆ ಲೋಹದ ಉಂಗುರದೊಳಗೆ ಮೂರನೆಯ ತೆಳು ಬೆಣೆಯನ್ನು ತಳ್ಳಿ ಕೂದಲನ್ನು ಪಟ್ಟಿಯಂತೆ ಹರಡಬೇಕು. ನೂಲಿಗೆ ನಾನು ಬೆಟಗೇರಿಯ ನೇಕಾರರ ಕಡೆಯಿಂದ ತಂದ ರೇಷ್ಮೆಯನ್ನು ಬಳಸುತ್ತೇನೆ. ಕೂದಲಿನ ಬಿಗಿತವನ್ನು ಅವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ; ಮಗ್ಗದ ಮೇಲೆ ಹಾಸಿನ ಎಳೆಗಳೆಲ್ಲ ಒಂದೇ ಬಿಗಿತದಲ್ಲಿರಬೇಕು, ಒಂದು ಎಳೆ ಇನ್ನೊಂದನ್ನು ದಾಟಬಾರದು ಎಂಬ ನಿಯಮವೇ ಇಲ್ಲಿಯೂ.

ಬೆಣೆಯ ಬಗ್ಗೆ ನನ್ನ ಎರಡು ತಪ್ಪುಗಳನ್ನು ಹೇಳಿದರೆ ತಮಗೆ ಎರಡು ಕಮಾನುಗಳು ಉಳಿದಾವು. ಕಲಿಯುವ ಕಾಲದಲ್ಲಿ, ಕೂದಲು ಕಳಚಬಾರದೆಂಬ ಭಯಕ್ಕೆ ತಲೆಯ ಬೆಣೆಯನ್ನು ಸಾಗವಾನಿಯಲ್ಲಿ ಮಾಡಿ ಒತ್ತಿ ಹೊಡೆದೆ. ಚಟ್ ಎಂಬ ಸದ್ದು ಬಂದಿತು, ತಲೆಯ ಕೆನ್ನೆ ಸೀಳಿತ್ತು. ಬೆಣೆ ಗೂಡಿಗಿಂತ ಮೆತ್ತಗಿನ ಮರದ್ದಾಗಿರಬೇಕು, ಬೆರಳಿನ ಒತ್ತಡಕ್ಕೆ ಕೂರಬೇಕು, ಪಕ್ಕದ ಗೋಡೆಗಳನ್ನು ತಳ್ಳಬಾರದು. ಈಗ ನಾನು ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದ ತುಂಡುಗಳನ್ನು ಇಟ್ಟುಕೊಂಡಿದ್ದೇನೆ. ಎರಡನೆಯ ಸಲ ಬೆಣೆಗೆ ಅಂಟು ಹಚ್ಚಿದೆ. ಕೂದಲು ಭದ್ರವಾಗಿಯೇ ನಿಂತಿತು. ಒಂದು ವರ್ಷದ ನಂತರ ಅದೇ ಕಮಾನು ಮತ್ತೆ ನನ್ನ ಕೈಗೇ ಬಂದಾಗ ಆ ಬೆಣೆಯನ್ನು ಉಳಿಯಿಂದ ಕೊರೆದು ತೆಗೆಯುವಷ್ಟರಲ್ಲಿ ಗೂಡಿನ ಅಂಚೆಲ್ಲ ಚೂರಾಯಿತು. ತಾವು ಕಟ್ಟಿದ ಕಮಾನನ್ನು ಮುಂದಿನ ವರ್ಷ ಯಾರೋ ಬಿಚ್ಚಲೇಬೇಕು, ಆ ಯಾರೋ ತಾವೇ ಆಗಿರಬಹುದು ಎಂಬುದನ್ನು ನೆನಪಿಟ್ಟು ಬೆಣೆ ಕೆತ್ತಿ.

ಕಮಾನನ್ನೇ ಮಾಡುವ ವಿಚಾರ ಕಷ್ಟದ್ದು, ಅಸಾಧ್ಯದ್ದಲ್ಲ. ಪಿಟೀಲಿನ ಕಮಾನು ಮುಕ್ಕಾಲು ಮೀಟರಿನಷ್ಟು ಉದ್ದವಿದ್ದು ಎಲ್ಲ ಸೇರಿ ಸುಮಾರು 60 ಗ್ರಾಂ ಮಾತ್ರ ತೂಗಬೇಕು. ಅಷ್ಟು ಸಪೂರದ ಕಡ್ಡಿ ಗಟ್ಟಿಯಾಗಿಯೂ ಪುಟಿಯುವಂತೆಯೂ ಇರಬೇಕಾದರೆ ಮರ ಬಹಳ ಸಾಂದ್ರವಾಗಿರಬೇಕು. ಸಾಗವಾನಿ ಇದಕ್ಕೆ ಮೆದು. ಬೀಟೆಯಿಂದ ಮಾಡಿದ್ದು ಭಾರವಾಗಿ ನುಡಿಯುತ್ತದೆ, ಆದರೆ ಗಜ ಎಂದು ಕರೆಯುವ ಸಾರಂಗಿಯ ಕಮಾನಿಗೆ ಒಪ್ಪುತ್ತದೆ. ಪ್ರಯೋಗ ಮಾಡುವುದಾದರೆ ಚಕ್ಕಡಿಯ ಅಚ್ಚಿಗೆ ಬಳಸುತ್ತಿದ್ದ ದಿಂಡಿಗದ ಹಳೆಯ, ಚೆನ್ನಾಗಿ ಒಣಗಿದ, ನೇರ ಎಳೆಯ ತುಂಡೊಂದನ್ನು ಹಿಡಿಯಿರಿ ಎಂದು ನಾನು ಹೇಳುತ್ತೇನೆ. ಮರ ಯಾವುದೇ ಇರಲಿ, ಬಾಗನ್ನು ಹಲಗೆಯಿಂದ ಕೊಯ್ದು ತೆಗೆಯಬಾರದು. ನೇರ ಕಡ್ಡಿಯನ್ನು ಸೀಳಿ, ತೋಪಡ ಹಿಡಿದು, ಒಣ ಬಿಸಿಯಿಂದ ಬಾಗಿಸಬೇಕು. ಕೊಯ್ದ ಬಾಗಿನಲ್ಲಿ ಮರದ ಎಳೆ ಅಡ್ಡ ಕತ್ತರಿಸಿರುತ್ತದೆ, ಮೊದಲ ಬಿಗಿತಕ್ಕೇ ಮುರಿಯುತ್ತದೆ. ಮಕ್ಕಳ ಅಭ್ಯಾಸಕ್ಕೆ ಬಿದಿರನ್ನು ತಿರಸ್ಕರಿಸಬೇಡಿ; ಚೀನಾದ ಅರ್‌ಹು ಎಂಬ ಎರಡು ತಂತಿಯ ವಾದ್ಯದ ಕಮಾನು ಬಿದಿರಿನದೇ.

ಪ್ರಶ್ನೆ: ಕಣ್ಣು ಕಾಣದ ಹುಡುಗನೊಬ್ಬನಿಗೆ ಪಿಟೀಲು ಕಲಿಸುತ್ತಿದ್ದೇನೆ. ಕಮಾನು ಎಷ್ಟು ಬಿಗಿಯಾಗಿದೆಯೆಂದು ಅವನು ಕೂದಲನ್ನು ಮುಟ್ಟಿ ನೋಡುತ್ತಾನೆ. ಮುಟ್ಟಬೇಡವೆಂದರೆ ತಿಳಿಯುವುದು ಹೇಗೆ?
— ಸಂಗೀತ ಶಿಕ್ಷಕರು, ಗದಗ

ಉತ್ತರ: ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ ಊರಿನಿಂದ ಈ ಪ್ರಶ್ನೆ ಬಂದದ್ದು ಸಹಜವೇ, ವೀರೇಶ್ವರ ಪುಣ್ಯಾಶ್ರಮದಲ್ಲಿ ತಲೆಮಾರುಗಳ ಅಂಧ ವಿದ್ಯಾರ್ಥಿಗಳು ವಾದ್ಯಗಳನ್ನು ಸ್ಪರ್ಶದಿಂದಲೇ ತಿಳಿದು ವಿದ್ವಾಂಸರಾಗಿದ್ದಾರೆ. ನೋಡುವವರಿಗೆ ನಾವು ಹೇಳುವ ಅಳತೆಯೆಂದರೆ, ಕಡ್ಡಿಯ ನಡುಭಾಗದಲ್ಲಿ ಕೂದಲಿಗೂ ಮರಕ್ಕೂ ನಡುವೆ ಒಂದು ಪೆನ್ಸಿಲ್ಲು ತೂರುವಷ್ಟು ಅಂತರ. ಹುಡುಗನ ಕೈಗೆ ನಿಜವಾಗಿಯೂ ಒಂದು ಪೆನ್ಸಿಲ್ಲನ್ನು ಕೊಡಿ, ಅದರ ಬಣ್ಣದ ಬದಿ ನಯವಾಗಿರಲಿ. ಎಡಗೈಯಿಂದ ಕಡ್ಡಿಯ ನಡುವನ್ನು ಹಿಡಿದು ಪೆನ್ಸಿಲ್ಲನ್ನು ಒಳಗೆ ತೂರಿಸಿದಾಗ ಅದು ಉಜ್ಜಿಯೂ ಉಜ್ಜದಂತೆ ಸರಿದರೆ ಸಾಕು. ತಿರುಪಿನ ತಲೆಗೆ ಎಂಟು ಮುಖಗಳಿದ್ದರೆ ಅವನ್ನು ಬೆರಳಿನಲ್ಲಿ ಎಣಿಸಬಹುದು. ಪೂರ್ತಿ ಸಡಿಲದಿಂದ ಎಷ್ಟು ಸುತ್ತಿಗೆ ಸರಿಯಾಗುತ್ತದೆಂದು ಒಮ್ಮೆ ಎಣಿಸಿಟ್ಟುಕೊಂಡರೆ ದಿನವೂ ಪೆನ್ಸಿಲ್ಲು ಬೇಕಾಗುವುದಿಲ್ಲ. ಮಳೆಗಾಲ ಬಂದಾಗ ಮಾತ್ರ ಆ ಎಣಿಕೆ ಒಂದೆರಡು ಸುತ್ತು ಹೆಚ್ಚುತ್ತದೆ. ನುಡಿಸಿ ಮುಗಿದ ಮೇಲೆ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸುವುದನ್ನು ಆಗಲೇ ರೂಢಿಸಿ. ಕಣ್ಣಿರುವ ನನ್ನ ಗಿರಾಕಿಗಳಲ್ಲಿ ಬಹಳ ಮಂದಿಗೆ ಈ ರೂಢಿಯಿಲ್ಲ.

ಪ್ರಶ್ನೆ: ಹಳೆಯ ಸಾರಂಗಿಯ ಗಜವೊಂದಿದೆ, ಅದಕ್ಕೆ ತಿರುಪೇ ಇಲ್ಲ. ಪಿಟೀಲಿನಂತೆ ತಿರುಪು ಕೂರಿಸಿಕೊಡುತ್ತೇವೆಂದು ಅಂಗಡಿಯವರು ಹೇಳುತ್ತಿದ್ದಾರೆ. ಕೂರಿಸಬಹುದೇ?
— ಓದುಗರೊಬ್ಬರು, ಹಾವೇರಿ

ಉತ್ತರ: ಕೂರಿಸಬೇಡಿ. ಹಳೆಯ ಗಜಗಳಲ್ಲಿ ಎಷ್ಟೋ ಬಾರಿ ಕೂದಲನ್ನು ಕಡ್ಡಿಗೇ ನೇರವಾಗಿ ಕಟ್ಟಿರುತ್ತಾರೆ, ಬಿಗಿತವನ್ನು ಕಟ್ಟುವಾಗಲೇ ನಿಶ್ಚಯಿಸಿರುತ್ತಾರೆ. ಸಾರಂಗಿಯ ನರದ, ಅಂದರೆ ಪ್ರಾಣಿಯ ಕರುಳಿನಿಂದ ಮಾಡಿದ, ತಂತಿಗೆ ಭಾರವಾದ ಗಜವೇ ಬೇಕು, ಹಿಡಿಯುವುದೂ ಅಂಗೈ ಮೇಲಾಗಿ. ತಿರುಪಿಗಾಗಿ ಕಡ್ಡಿಯ ಹಿಂತುದಿಯನ್ನು ಉದ್ದಕ್ಕೆ ಕೊರೆದರೆ ತೂಕದ ಹೊಂದಿಕೆ ತಪ್ಪುತ್ತದೆ, ಅಷ್ಟಲ್ಲದೆ ಹಳೆಯ ಒಣ ಮರ ಕೊರೆಯುವಾಗಲೇ ಸೀಳಬಹುದು. ಕೂದಲನ್ನು ಮೊದಲಿದ್ದಂತೆಯೇ ಕಟ್ಟಿಸಿ. ಹಳೆಯ ಗಂಟನ್ನು ಕತ್ತರಿಸುವ ಮೊದಲು ಎರಡೂ ತುದಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ಕಟ್ಟುವವರು ಹಿಂದೆ ಗಜವನ್ನು ಕಂಡಿರದಿದ್ದರೆ ಆ ಫೋಟೋ ನೋಡಿಯೇ ಕಟ್ಟಬೇಕಾಗುತ್ತದೆ.